ಅಳಿಯ ಹತ್ತಿಸಿದ ರಾತ್ರಿ ಬಸ್ಸುಗಳು

ಮದುವೆಯಾದಾಗಿನಿಂದ ನನ್ನ ಅಳಿಯ ನಮ್ಮ ಹುಳುಮನೆಯ ಹೊಸಲು ದಾಟಿರಲಿಲ್ಲ. ದಾಟಲು ನಾನು ಬಿಟ್ಟಿರಲಿಲ್ಲ.

ನಮ್ಮದು ಜಂಗಮಕೋಟೆ ಹತ್ತಿರದ ಊರು. ಹಿಪ್ಪುನೇರಳೆ ತೋಟ, ಎರಡು ಹಸು, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಉದ್ದನೆಯ ಶೆಡ್ಡು. ಅದಕ್ಕೆ ನಾವು ಹುಳುಮನೆ ಅನ್ನುತ್ತೇವೆ. ಹೊರಗಿನವರನ್ನು ಅದರೊಳಗೆ ಸುಮ್ಮನೆ ಬಿಡುವಂತಿಲ್ಲ, ರೋಗ ಕಾಲಿಗೆ ಅಂಟಿಕೊಂಡು ಬರುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ತೊಳೆಯಬೇಕು, ಹೊಸಲಲ್ಲಿ ಚೆಲ್ಲಿದ ಸುಣ್ಣದ ಪುಡಿ ತುಳಿದು ಒಳಗೆ ಹೋಗಬೇಕು. ಬೀಡಿ ಸೇದಿದವರು, ಸೆಂಟು ಹಾಕಿಕೊಂಡವರು ಬರಬಾರದು. ಈ ಕಟ್ಟಳೆ ನಾನು ಹುಟ್ಟಿಸಿದ್ದಲ್ಲ. ನಾನು ಮಾಡಿದ್ದು ಅದರ ಹಿಂದೆ ಅಡಗಿಕೊಂಡದ್ದು.

ಅಳಿಯ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯವನು. ಗೌರಿಬಿದನೂರಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ನನ್ನ ಒಬ್ಬಳೇ ಮಗಳು ಅದೇ ಊರಿನ ಇನ್ನೊಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವರದು ದಲಿತ ಕುಟುಂಬ, ಅವನ ತಂದೆಯ ಕಾಲಕ್ಕೆ ಬೌದ್ಧರಾದವರು. ನಾವು ಊರಲ್ಲಿ ಜಮೀನಿಟ್ಟುಕೊಂಡು ತಲೆ ಎತ್ತಿ ತಿರುಗಿದ ಜನ. ಮದುವೆಗೆ ನಾನು ಹೋಗಿದ್ದೆ, ಅಕ್ಷತೆ ಹಾಕಿದ್ದೆ, ಊಟಕ್ಕೆ ಮೊದಲು ತಲೆನೋವೆಂದು ಹೊರಟು ಬಂದಿದ್ದೆ. ಆಮೇಲೆ ಅವನು ನಮ್ಮ ಮನೆಗೆ ಬಂದಾಗೆಲ್ಲ ಜಗಲಿಯಲ್ಲಿ ಕುರ್ಚಿ ಹಾಕಿಸುತ್ತಿದ್ದೆ, ಕಾಫಿ ಕೊಡಿಸುತ್ತಿದ್ದೆ. ಮಾತು ಮಾತ್ರ ಮಗಳ ಮೂಲಕ. "ಅವ್ರಿಗೆ ಇನ್ನೊಂಚೂರು ಸಾರು ಬೇಕಾ ಕೇಳಮ್ಮ" ಅನ್ನುತ್ತಿದ್ದೆ, ಅವನು ನನ್ನ ಎದುರಿಗೇ ಕೂತಿರುತ್ತಿದ್ದ.

ಒಂದು ಸಲ ಅವನೇ ಕೇಳಿದ್ದ, "ಮಾವ, ಹುಳ ನೋಡಬಹುದಾ?" ಎಂದು. ನಾನು ಮಗಳ ಕಡೆ ತಿರುಗಿ, "ಹೊರಗಿನವರು ಬರಬಾರದು ಅಂತ ಹೇಳಮ್ಮ, ಬೆಳೆ ಕೆಡುತ್ತೆ" ಎಂದೆ. ಅದೇ ವಾರ ಶಿಡ್ಲಘಟ್ಟದಿಂದ ಗೊಬ್ಬರದ ಅಂಗಡಿಯವರು ಬಂದಿದ್ದರು. ಜೇಬಿನಲ್ಲಿ ಬೀಡಿ ಕಟ್ಟು ಕಾಣುತ್ತಿತ್ತು. ಅವರನ್ನು ಒಳಗೆ ಕರೆದು, ತಟ್ಟೆ ತಟ್ಟೆ ಎತ್ತಿ ಹುಳು ತೋರಿಸಿದೆ. ಇನ್ನೂ ನಮ್ಮಲ್ಲೇ ಇದ್ದ ಮಗಳು ಅದನ್ನು ನೋಡಿದಳು.

ಇಂಥ ಅಳಿಯ ಒಂದು ದಿನ ನನ್ನನ್ನೂ ನನ್ನ ಹೆಂಡತಿಯನ್ನೂ ವಿಯೆಟ್ನಾಂಗೆ ಕರೆದುಕೊಂಡು ಹೋಗುತ್ತೇನೆ ಅಂದಾಗ ನನಗೆ ಬಂದದ್ದು ಸಂತೋಷವಲ್ಲ, ಅನುಮಾನ. ಅವನಿಗೂ ಮಗಳಿಗೂ ಬೇಸಿಗೆ ರಜೆಯಲ್ಲಿ ಊರು ಸುತ್ತುವ ಹುಚ್ಚು. ಇಬ್ಬರೇ ಹೋಗಬಾರದೆ? ಮುದುಕರನ್ನು ಯಾಕೆ ಕಟ್ಟಿಕೊಳ್ಳುತ್ತಾರೆ? ನಲವತ್ತು ವರ್ಷ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ಬಂದವನು ನಾನು. ಅಲ್ಲಿ ಗೂಡು ಕೊಳ್ಳುವವನು ನಕ್ಕರೂ ಅನುಮಾನ, ಮುಖ ಗಂಟಿಕ್ಕಿದರೂ ಅನುಮಾನ, ತಕ್ಕಡಿ ಅಲ್ಲಾಡಿದರೂ ಅನುಮಾನ. ಆ ಅಭ್ಯಾಸ ಮನೆಗೂ ಬಂದು ಕೂತಿತ್ತು. ತೋಟ ಮಗಳ ಹೆಸರಿಗೆ ಬರೆಸಿಕೊಳ್ಳಲು ನನ್ನನ್ನು ಮೆತ್ತಗೆ ಮಾಡುವ ಉಪಾಯ ಇದು ಎಂದು ತೀರ್ಮಾನ ಮಾಡಿಬಿಟ್ಟೆ.

"ಹೋಗಣ ಕಣ್ರೀ" ಎಂದಳು ನನ್ನ ಹೆಂಡತಿ. "ಒಂದ್ಸಲ ವಿಮಾನ ಹತ್ತಬೇಕು ಅಂತ ನಂಗೆ ಎಷ್ಟು ವರ್ಷದ ಆಸೆ. ನೀವಂತೂ ಚಿಕ್ಕಬಳ್ಳಾಪುರ ದಾಟಿಸಿ ಕರ್ಕೊಂಡೋಗ್ಲಿಲ್ಲ."

"ತಿರುಪತಿಗೆ ಕರ್ಕೊಂಡೋಗಿರ್ಲಿಲ್ವಾ?"

"ಅದು ತಿಮ್ಮಪ್ಪ ಕರೆಸ್ಕೊಂಡಿದ್ದು, ನೀವಲ್ಲ."

ಅವಳಿಗೋಸ್ಕರ ಒಪ್ಪಿಕೊಂಡೆ. ಪಾಸ್‌ಪೋರ್ಟಿನ ಫೋಟೊಗೆ ಚಿಕ್ಕಬಳ್ಳಾಪುರದ ಸ್ಟುಡಿಯೋದಲ್ಲಿ ಕೂತಾಗ ಫೋಟೊಗ್ರಾಫರ್ ನಗಬಾರದು ಅಂದ. ನನಗೆ ಆ ಮಾತು ಹೇಳುವ ಅಗತ್ಯವೇ ಇರಲಿಲ್ಲ. ಒಂದು ಬೆಳೆಯ ಗೂಡು ಮಾರಿ, ಮುಂದಿನ ಬೆಳೆಗೆ ಇನ್ನೂ ಬಿಡುವಿದ್ದಾಗ, ತೋಟವನ್ನೂ ಹಸುಗಳನ್ನೂ ನನ್ನ ತಮ್ಮನಿಗೆ ಒಪ್ಪಿಸಿ ಹೊರಟೆವು. ಹೆಂಡತಿ ಒಂದು ಚೀಲದ ತುಂಬ ರಾಗಿ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ತುಂಬಿಕೊಂಡಿದ್ದಳು.

ಬೆಂಗಳೂರಿಂದ ಹನೋಯ್‌ಗೆ ವಿಮಾನ. ಮುಂದಿನ ಸಾಲಿನಲ್ಲಿ ತಾಯಿ ಮಗಳು ಕೂತರು, ಹಿಂದೆ ನಾನು ಮತ್ತು ಅಳಿಯ. ಹೆಂಡತಿ ಕಿಟಕಿಗೆ ಮೂಗು ಒತ್ತಿಕೊಂಡು, "ಅಯ್ಯೋ ನೋಡೇ, ದೀಪ ನೋಡೇ" ಎಂದು ಮಗುವಿನ ಹಾಗೆ ಕೂಗುತ್ತಿದ್ದಳು. ವಿಮಾನ ಮೂತಿ ಮೇಲೆತ್ತಿದ್ದೇ ತಡ, ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎರಡು ಕಿವಿಗೂ ಮೊಳೆ ಹೊಡೆದಂತೆ ನೋವು. ಸ್ವಲ್ಪ ಹೊತ್ತಿಗೆ ವಿಮಾನ ಕುಲುಕಾಡತೊಡಗಿತು. ನನಗೆ ಉಸಿರು ಸಿಗುತ್ತಿಲ್ಲ. ಸತ್ತೇ ಹೋಗುತ್ತೇನೆ ಅನ್ನಿಸಿತು. ಹೆಗಲ ಮೇಲಿದ್ದ ಟವೆಲನ್ನು ಮುಖದ ಮೇಲೆ ಎಳೆದುಕೊಂಡು, ಅದರ ಅಂಚನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಅರುವತ್ತು ದಾಟಿದ ಗಂಡಸು ಅತ್ತ ಅಳು ಅದು, ಶಬ್ದವಿಲ್ಲದ್ದು. ಟವೆಲಿನ ಸಂದಿಯಿಂದ ನೋಡಿದರೆ ಅಳಿಯ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ್ದ. ಸದ್ಯ, ಯಾರೂ ನೋಡಲಿಲ್ಲ ಅಂದುಕೊಂಡೆ.

ಆಮೇಲೆ ಅವನು ಎದ್ದು ಗಗನಸಖಿಯನ್ನು ಕರೆದು ನೀರು ಕೇಳಿದ. ಅವಳು ತಂದಳು. ಅವನು ಕುಡಿಯಲಿಲ್ಲ. ಲೋಟವನ್ನು ನನ್ನ ಮುಂದಿನ ಹಲಗೆಯ ಮೇಲಿಟ್ಟು ಮತ್ತೆ ಕಣ್ಣು ಮುಚ್ಚಿಕೊಂಡ. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಆ ನೀರನ್ನೇ ನೋಡುತ್ತಾ ಕೂತೆ. ಲೋಟದ ಬಾಯಿಯನ್ನು ಅವನು ಹಿಡಿದದ್ದು ನೋಡಿದ್ದೆ. ಕುಡಿಯಲಿಲ್ಲ. ಇಳಿಯುವವರೆಗೂ ಕುಡಿಯಲಿಲ್ಲ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೂ ಬರೆಯಬೇಕು.

ಹನೋಯ್‌ನಲ್ಲಿ ಎರಡು ದಿನ ಇದ್ದೆವು. ಅಲ್ಲಿಂದ ದೇಶದೊಳಗೆ ಇನ್ನೂ ವಿಮಾನಗಳಲ್ಲಿ ಹೋಗುವುದೆಂದು ಮೊದಲೇ ನಿಗದಿಯಾಗಿತ್ತು. ಮೂರನೇ ದಿನ ತಿಂಡಿಯ ಹೊತ್ತಿಗೆ ಅಳಿಯ ಇದ್ದಕ್ಕಿದ್ದಂತೆ, "ಇಲ್ಲಿಂದ ಮುಂದಕ್ಕೆ ವಿಮಾನ ಬೇಡ. ರಾತ್ರಿ ಬಸ್ಸಲ್ಲೇ ಹೋಗಣ" ಎಂದ.

ಮಗಳು ಚಮಚ ಕೆಳಗಿಟ್ಟಳು. "ಬುಕ್ ಆಗಿದೆಯಲ್ಲಾ!"

"ಕ್ಯಾನ್ಸಲ್ ಮಾಡ್ದೆ. ನಂಗೆ ಬಸ್ಸಂದ್ರೆ ಇಷ್ಟ. ಊರು ನೋಡ್ಕೊಂಡು ಹೋಗಬಹುದು, ಒಂದು ರಾತ್ರಿ ಹೋಟೆಲ್ಲೂ ಉಳಿಯುತ್ತೆ."

"ಕತ್ತಲಲ್ಲಿ ಯಾವ ಊರು ನೋಡ್ತೀಯ ನೀನು?"

"ದೀಪ ನೋಡ್ತೀನಿ" ಎಂದು ನಕ್ಕ.

ನನ್ನ ಹೆಂಡತಿ ಮಾತಾಡದೆ ಬ್ರೆಡ್ಡು ಮುರಿಯುತ್ತಿದ್ದಳು. ವಿಮಾನದ ಕಿಟಕಿಗೆ ಮೂಗು ಒತ್ತಿದವಳು ಇವಳೇನಾ, ಯಾಕೆ ಒಂದು ಮಾತು ಆಡುತ್ತಿಲ್ಲ ಅನ್ನಿಸಿತು. ನನಗೆ ಒಳಗೊಳಗೆ ಜೀವ ಬಂದ ಹಾಗಾಗಿತ್ತು, ಅದನ್ನು ಒಪ್ಪಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ. ಅದರ ಬದಲು ಊರಿಗೆ ಫೋನ್ ಹಚ್ಚಿ ತಮ್ಮನಿಗೆ ಹೇಳಿದೆ, "ವಿಮಾನದ ಆಸೆ ತೋರಿಸಿ ಕರ್ಕೊಂಡು ಬಂದು ಬಸ್ಸಿಗೆ ಹತ್ತಿಸ್ತಾವ್ನೆ ಕಣೋ. ಇವರ ಬುದ್ಧಿ ಎಲ್ಲಿಗೆ ಹೋಗುತ್ತೆ." 'ಇವರ' ಅನ್ನುವ ಮಾತನ್ನು ಬೇಕೆಂದೇ ಒತ್ತಿ ಹೇಳಿದೆ. ತಮ್ಮ ಅಲ್ಲಿಂದ ನಕ್ಕ.

ಆ ದೇಶದ ರಾತ್ರಿ ಬಸ್ಸು ನಮ್ಮ ಸ್ಲೀಪರ್ ಬಸ್ಸಿನಂತಲ್ಲ. ಒಳಗೆ ಉದ್ದಕ್ಕೂ ಮೂರು ಸಾಲು, ಪ್ರತಿ ಸಾಲಿನಲ್ಲಿ ಕೆಳಗೊಂದು ಮೇಲೊಂದು ಹಾಸಿಗೆ. ಕಾಲನ್ನು ಒಂದು ಡಬ್ಬಿಯೊಳಗೆ ತೂರಿಸಿ ಅರ್ಧ ಒರಗಿ ಮಲಗಬೇಕು. ನೇರಳೆ ಬಣ್ಣದ ಮಂಕು ದೀಪದಲ್ಲಿ ಎಲ್ಲರೂ ಬಿಳಿ ಹೊದಿಕೆ ಹೊದ್ದು, ತಲೆ ಸ್ವಲ್ಪ ಎತ್ತಿಕೊಂಡು ಸಾಲುಸಾಲಾಗಿ ಮಲಗಿದ್ದನ್ನು ನೋಡಿದಾಗ ನನಗೆ ನಮ್ಮ ಹುಳುಮನೆಯ ತಟ್ಟೆಗಳ ಸ್ಟ್ಯಾಂಡು ನೆನಪಾಯಿತು.

ಹತ್ತುವ ಮುಂಚೆ ಎಲ್ಲರೂ ಚಪ್ಪಲಿ ಬಿಡಬೇಕು. ಬಾಗಿಲಲ್ಲಿ ಕ್ಲೀನರ್ ಒಬ್ಬೊಬ್ಬರಿಗೂ ಒಂದು ಪ್ಲಾಸ್ಟಿಕ್ ಕವರ್ ಕೊಡುತ್ತಾನೆ, ನಮ್ಮ ನಮ್ಮ ಚಪ್ಪಲಿಯನ್ನು ಅದರಲ್ಲಿ ಹಾಕಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಒಳಗೆ ಹೋಗಬೇಕು. ಬಿಳಿಯರು, ಅಲ್ಲಿನ ವ್ಯಾಪಾರಸ್ಥರು, ಟೈ ಕಟ್ಟಿದ ಒಬ್ಬ ಅಧಿಕಾರಿ, ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ಸಾಲಾಗಿ ನಿಂತಿದ್ದರು. ನಾನೂ ನಿಂತೆ. ನನ್ನ ಮುಂದೆ ಅಳಿಯ ನಿಂತಿದ್ದ. ನಾನು ಚಿಕ್ಕವನಾಗಿದ್ದಾಗ ಕೇರಿಯಿಂದ ಬರುವವರು ನಮ್ಮ ಮನೆ ಮುಂದೆ ಹೀಗೇ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ನಮ್ಮಪ್ಪ ಜಗಲಿಯ ಮೇಲೆ ಕೂತಿದ್ದರೆ ಇನ್ನಷ್ಟು ಬಗ್ಗಿ ದಾಟುತ್ತಿದ್ದರು. ಅದು ಈಗ ಅಳಿಯನಿಗೂ ನೆನಪಾಗಿರಬಹುದೇ, ನನ್ನನ್ನು ಹೀಗೆ ನಿಲ್ಲಿಸಿ ನೋಡಲೆಂದೇ ಬಸ್ಸಿಗೆ ಕರೆತಂದನೇ ಎಂದು ಅವನ ಬೆನ್ನನ್ನೇ ನೋಡಿದೆ. ಅವನು ನನ್ನ ಹೆಂಡತಿಗೆ ಮೆಟ್ಟಿಲು ಹತ್ತಲು ಕೈ ಕೊಡುತ್ತಿದ್ದ.

ನಡುರಾತ್ರಿ ಬಸ್ಸು ಒಂದು ದೊಡ್ಡ ಹೋಟೆಲಿನ ಮುಂದೆ ನಿಂತಿತು. ಕ್ಲೀನರ್ ಬಾಗಿಲ ಬಳಿ ಒಂದು ಬುಟ್ಟಿ ತಂದು ಸುರಿದ. ಎಲ್ಲ ಒಂದೇ ಬಣ್ಣದ ಪ್ಲಾಸ್ಟಿಕ್ ಚಪ್ಪಲಿಗಳು. ಇಳಿದವರು ಕೈಗೆ ಸಿಕ್ಕಿದ್ದನ್ನು ಎಡ ಬಲ ನೋಡದೆ ಮೆಟ್ಟಿಕೊಂಡು ಬಚ್ಚಲಿಗೋ ಊಟಕ್ಕೋ ಹೋದರು. ವಾಪಸ್ಸು ಬಂದು ಬುಟ್ಟಿಗೆ ಎಸೆಯುವುದು, ಇನ್ನೊಬ್ಬರು ಮೆಟ್ಟುವುದು. ನಾನು ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟೆ. ಯಾರ ಕಾಲು ಅದರೊಳಗಿತ್ತೋ? ಯಾವ ಜನವೋ? ಹಿಂದಿನವರು ಜರುಗಿ ಎನ್ನುವಂತೆ ಕೆಮ್ಮುತ್ತಿದ್ದರು.

ಅಳಿಯ ಅದನ್ನು ನೋಡಿದ. ಬಸ್ಸಿನೊಳಕ್ಕೆ ಹೋಗಿ ನನ್ನ ಹಾಸಿಗೆಯಿಂದ ಕವರ್ ತಂದ. ನನ್ನ ಚಪ್ಪಲಿ ಹೊರಗೆ ತೆಗೆದು, ಬಗ್ಗಿ, ನನ್ನ ಕಾಲ ಮುಂದೆ ಜೋಡಿಸಿಟ್ಟ. ನಾನು ಕಾಲು ತೂರಿಸಿದೆ. ನಡೆದುಹೋದೆ. ಆ ಕ್ಷಣದಲ್ಲಿ ನನಗೆ ಏನೂ ಅನ್ನಿಸಲಿಲ್ಲ ಎಂದು ಹೇಳುವುದೇ ನಿಜವಾದ ತಪ್ಪೊಪ್ಪಿಗೆ. ಹಾಗೆ ಆಗಬೇಕಾದದ್ದೇ ಆಯಿತು ಅನ್ನುವಷ್ಟು ಸಲೀಸಾಗಿತ್ತು.

ಹಿಂದಿನಿಂದ ಮಗಳು ಬಂದು ನನ್ನ ತೋಳು ಹಿಡಿದು ನಿಲ್ಲಿಸಿದಳು. ಸುತ್ತ ಇದ್ದವರಿಗೆ ನಮ್ಮ ಭಾಷೆ ತಿಳಿಯದು ಎಂಬ ಧೈರ್ಯಕ್ಕೋ ಏನೋ, ಜೋರಾಗೇ ಹೇಳಿದಳು. "ಅಪ್ಪ, ನಿಮ್ಮ ಚಪ್ಪಲಿ ಅವ್ರು ಯಾಕೆ ತಂದಿಡಬೇಕು?"

"ನಾನೇನು ಇಡು ಅಂದ್ನಾ?"

"ಬೇಡ ಅಂದ್ರಾ?"

ನಾನು ತೋಳು ಬಿಡಿಸಿಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ.

"ಬೀಡಿ ಸೇದೋರ್ನ ಹುಳುಮನೆಗೆ ಬಿಟ್ಟು ಅವ್ರನ್ನ ಹೊರಗೆ ನಿಲ್ಲಿಸಿದ್ರಲ್ಲ, ಆವತ್ತೂ ಸುಮ್ನಿದ್ದೆ. ಅವ್ರು ಹೇಳಿದ್ರು ಅಂತ ಸುಮ್ನಿದ್ದೆ. ಇನ್ನಾಗಲ್ಲ ಅಪ್ಪ. ಊರಿಗೆ ಹೋದ್ಮೇಲೆ ನಾನು ನಿಮ್ಮನೆ ಜಗಲೀಲಿ ಕೂತು ಕಾಫಿ ಕುಡಿಯಕ್ಕೆ ಬರಲ್ಲ. ಅವ್ರನ್ನೂ ಕರ್ಕೊಂಡು ಬರಲ್ಲ."

"ಏನಮ್ಮಾ ಇದು, ನಡುರಾತ್ರೀಲಿ..."

"ಹಗಲಲ್ಲಿ ಹೇಳಿದ್ರೆ ಕೇಳ್ತಿದ್ರಾ?"

ಅವಳು ಆ ಬುಟ್ಟಿಯ ಚಪ್ಪಲಿ ಟಪಟಪ ಅನ್ನಿಸುತ್ತಾ ಹೋದಳು. ನಾನು ವಾಪಸ್ಸು ಬಂದು ಕಾಲನ್ನು ಡಬ್ಬಿಯೊಳಗೆ ತೂರಿಸಿ ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡು ಮಲಗಿದೆ. ಡ್ರೈವರ್ ಸುಮ್ಮಸುಮ್ಮನೆ ಹಾರನ್ ಹೊಡೆಯುತ್ತಿದ್ದ. ಮಗಳ ಮಾತಿಗಿಂತ ಹೆಚ್ಚಾಗಿ, ಇದನ್ನು ಅವಳಿಗೆ ಅವನೇ ಹೇಳಿಕೊಟ್ಟಿರಬೇಕು ಎಂಬ ಯೋಚನೆಯೇ ನನ್ನನ್ನು ಕೊರೆಯುತ್ತಿತ್ತು. ಅನುಮಾನ ಇರುವವನಿಗೆ ನಾಚಿಕೆ ಬೇಗ ತಟ್ಟುವುದಿಲ್ಲ.

ಎರಡನೇ ಬಸ್ಸು, ಮೊದಲನೆಯದು ನಮ್ಮನ್ನು ಇಳಿಸಿದ ಹೋಯಿ ಆನ್ ಎಂಬ ಊರಿನಿಂದ ಸಮುದ್ರದ ದಡದ ಇನ್ನೊಂದು ಊರಿಗೆ. ನನ್ನದು ಮೇಲಿನ ಹಾಸಿಗೆ, ಹೆಂಡತಿಯದು ಕೆಳಗಿನದು. ಅರ್ಧ ದಾರಿಯಲ್ಲಿ ಎಚ್ಚರವಾದಾಗ ಕೆಳಗೆ ಪಿಸುಮಾತು. ಅಳಿಯ ಎರಡು ಸಾಲಿನ ನಡುವಿನ ಇಕ್ಕಟ್ಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಹೆಂಡತಿಯೊಡನೆ ಮಾತಾಡುತ್ತಿದ್ದ.

"ಬೇಜಾರಾಯ್ತಾ ಅತ್ತೆ?"

"ಇಲ್ಲಪ್ಪ. ಒಂದ್ಸಲ ಆಯ್ತಲ್ಲ, ಸಾಕು."

"ಮಾವನಿಗೆ ಮಾತ್ರ ಗೊತ್ತಾಗಬಾರದು."

"ನನ್ನ ಬಾಯಿಂದ ಬರಲ್ಲ ಬಿಡು."

ಮೇಲೆ ನಾನು ಉಸಿರು ಹಿಡಿದು ಬಿದ್ದಿದ್ದೆ. ಸಿಕ್ಕಿತು ಅಂದುಕೊಂಡೆ. ನನ್ನ ಹೆಂಡತಿಯನ್ನೇ ಬುಟ್ಟಿಗೆ ಹಾಕಿಕೊಂಡಿದ್ದಾನೆ. ಯಾವ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡನೋ! ಅವಳಿಗೆ ಸಹಿ ಮಾಡಲು ಬರುತ್ತದೆ ಎಂಬುದೂ ಆಗ ನನಗೆ ಮರೆತುಹೋಗಿತ್ತು. ಹಿಪ್ಪುನೇರಳೆಯ ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ನಡೆದು ನೋಡಿದೆ, ಯಾರೋ ಅದನ್ನು ಕಿತ್ತುಕೊಳ್ಳುತ್ತಿರುವ ಹಾಗೆ.

ಇನ್ನೂ ಬೆಳಕು ಹರಿಯುತ್ತಿರುವಾಗ ಬಸ್ಸು ಇಳಿಸಿತು. ಹೋಟೆಲಿನ ಕೋಣೆ ಸಿಗಲು ಹೊತ್ತಿತ್ತು. ಮಗಳು ಅಳಿಯ ಕಾಫಿ ಹುಡುಕಿಕೊಂಡು ಹೋದರು. ನಾನು, ಹೆಂಡತಿ ಸಮುದ್ರದ ದಡದ ಕಲ್ಲುಬೆಂಚಿನ ಮೇಲೆ ಕೂತೆವು. ಆ ಹೊತ್ತಿಗೇ ಆ ಊರಿನ ಮುದುಕ ಮುದುಕಿಯರು ನೀರಿಗಿಳಿದು ಕೇಕೆ ಹಾಕುತ್ತಾ ಈಜುತ್ತಿದ್ದರು.

"ರಾತ್ರಿ ಏನು ಗುಸುಗುಸು?" ಎಂದೆ.

"ಏನಿಲ್ಲ."

"ನನಗೆ ಗೊತ್ತಾಗಬಾರದು ಅಂದನಲ್ಲ, ಏನದು? ತೋಟದ ವಿಷಯ ತಾನೆ? ಏನು ಬರೆದುಕೊಟ್ಟೆ?"

ಅವಳು ನನ್ನ ಮುಖವನ್ನೇ ನೋಡಿದಳು. ಕೋಪ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ನಗು, ಅದೂ ಅರ್ಧಕ್ಕೇ ನಿಂತುಹೋಯಿತು.

"ತೋಟವಂತೆ, ತೋಟ! ಅವ್ರಪ್ಪನಿಗೆ ಕೆಂಚಾರ್ಲಹಳ್ಳೀಲಿ ನಿಮ್ಮದಕ್ಕಿಂತ ಚೆನ್ನಾಗಿರೋ ತೋಟ ಇದೆ. ಹೋಗಿದ್ದಿದ್ರೆ ತಾನೆ ಗೊತ್ತಾಗೋದು." ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಗಾಳಿ ಜೋರಾಗಿತ್ತು. "ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ನೀವು ಈ ಮಟ್ಟಕ್ಕೆ ಹೋದ್ಮೇಲೆ ಇನ್ನೇನು. ವಿಮಾನದಲ್ಲಿ ಟವೆಲ್ ಹೊದ್ಕೊಂಡು ಅತ್ತಿದ್ದು ಯಾರು?"

ಹೆಗಲ ಮೇಲಿದ್ದ ಟವೆಲನ್ನು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡೆ.

"ಆ ಹುಡುಗ ನೋಡಿದಾನೆ. ಮಾತಾಡ್ಸಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಮಲಗಿದೋನ ಥರ ಇದ್ದನಂತೆ. ನೀರು ತರಿಸಿಟ್ರೆ ಅದನ್ನೂ ಕುಡೀಲಿಲ್ಲವಂತೆ ನೀವು. ಹನೋಯಲ್ಲಿ ನನ್ನ ಹತ್ರ ಬಂದು ಕೇಳ್ದ. 'ಅತ್ತೆ, ನಿಮಗೆ ವಿಮಾನ ಅಂದ್ರೆ ಆಸೆ, ಆದ್ರೆ ಮಾವನಿಗೆ ತಡೆಯಕ್ಕಾಗಲ್ಲ. ವಾಪಸ್ ವಿಮಾನದಲ್ಲಿ ಹೋಗೋದಂತೂ ತಪ್ಪಿದ್ದಲ್ಲ. ಮಿಕ್ಕಿದ್ದು ಬಸ್ಸಲ್ಲಿ ಹೋಗಣ್ವಾ?' ಅಂತ. ಆಗಲಿ ಅಂದೆ. ನನ್ನ ಮಗಳಿಗೂ ಹೇಳಿಲ್ಲ ಅವ್ನು. ಅವಳ ಹತ್ರ ಜಿಪುಣ ಅಂತ ಬೈಸ್ಕೊಂಡು ಓಡಾಡ್ತಾವ್ನೆ."

ನೀರಿನಲ್ಲಿ ಒಬ್ಬ ಮುದುಕ ಇನ್ನೊಬ್ಬನ ಮೇಲೆ ನೀರೆರಚಿ ನಗುತ್ತಿದ್ದ. ಅದನ್ನೇ ನೋಡುತ್ತಾ ಕೂತೆ, ಬೇರೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ತಮ್ಮನಿಗೆ ಫೋನಿನಲ್ಲಿ ಆಡಿದ ಮಾತು ನೆನಪಾಯಿತು. ಅದು ಇಷ್ಟು ಹೊತ್ತಿಗೆ ಹಾಲಿನ ಡೈರಿ ಮುಟ್ಟಿರುತ್ತದೆ. ಅಲ್ಲಿಂದ ಊರೆಲ್ಲ.

"ನಾನು ಹೇಳ್ದೆ ಅಂತ ಅವನಿಗೆ ಗೊತ್ತಾಗಬಾರದು" ಎಂದಳು ಹೆಂಡತಿ. ಕಾಫಿ ಹಿಡಿದು ಅವರಿಬ್ಬರೂ ಬರುತ್ತಿದ್ದರು.

ಆ ದಿನವೇ ಅವನ ಹತ್ತಿರ ಹೋಗಿ ತಪ್ಪಾಯಿತು ಅನ್ನಬಹುದಿತ್ತು. ಅನ್ನಲಿಲ್ಲ. ನನ್ನೊಳಗಿನ ಗೂಡಿನ ವ್ಯಾಪಾರಿ ಇನ್ನೂ ತೂಗುತ್ತಲೇ ಇದ್ದ. ಒಳ್ಳೆಯವನೆನಿಸಿಕೊಳ್ಳಲು ಹೀಗೆ ಮಾಡಿದನೋ? ಹಾಗಾದರೆ ಮುಚ್ಚಿಡುವುದು ಯಾಕೆ? ಮುಚ್ಚಿಟ್ಟು ಆಮೇಲೆ ಯಾವಾಗಲೋ ತೆಗೆದು ತೋರಿಸಲೋ? ತೋರಿಸಿಯೇ ಇಲ್ಲವಲ್ಲ. ಎಷ್ಟು ತಿರುವಿ ನೋಡಿದರೂ ಗೂಡಿನಲ್ಲಿ ಕಲೆ ಸಿಗಲಿಲ್ಲ. ಕಲೆ ಸಿಗದಿದ್ದಾಗ ಆಗುವ ಕಷ್ಟವೇ ಬೇರೆ, ಆಗ ತಪ್ಪು ನೋಡುವವನ ಕಣ್ಣಿನದಾಗುತ್ತದೆ.

ಕೊನೆಯ ಬಸ್ಸು ಸೈಗಾನ್‌ಗೆ. ರಾತ್ರಿ ನಿಂತ ಜಾಗದಲ್ಲಿ ಮತ್ತೆ ಅದೇ ಬುಟ್ಟಿ. ಅಳಿಯ ನನ್ನ ಕವರ್ ತರಲು ಒಳಗೆ ಹೊರಟಿದ್ದ. ಅವನು ಬರುವ ಮುಂಚೆ ನಾನು ಕೈಗೆ ಸಿಕ್ಕ ಎರಡು ಚಪ್ಪಲಿ ಮೆಟ್ಟಿ ಇಳಿದುಬಿಟ್ಟೆ. ಒಂದು ದೊಡ್ಡದು, ಒಂದು ಚಿಕ್ಕದು, ಎರಡೂ ಎಡಗಾಲಿನವು. ಒಳಗೆ ತೇವ ಇತ್ತು. ಕುಂಟುತ್ತಾ ಹೋಗಿ ಮುಖ ತೊಳೆದು ಬಂದೆ. ನನ್ನ ಮನಸ್ಸಿನಲ್ಲಿ ಅದೊಂದು ದೊಡ್ಡ ಕೆಲಸ ಮಾಡಿದ ಹಾಗಿತ್ತು. ಮಗಳು ನೋಡುತ್ತಿದ್ದಾಳೆಂದು ಗೊತ್ತಿತ್ತು, ನೋಡಲಿ ಎಂದೇ ಅವಳ ಮುಂದೆ ಹಾದುಹೋದೆ.

"ನೋಡ್ದೆ ಅಪ್ಪ" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಮೆಚ್ಚಿಗೆಯೂ ಇರಲಿಲ್ಲ. "ಆದ್ರೆ ಇದು ವಿಯೆಟ್ನಾಂ. ಇಲ್ಲಿ ನಿಮ್ಮನ್ನ ಯಾರು ನೋಡ್ತಾರೆ? ಜಂಗಮಕೋಟೆ ಹತ್ರ ಏನ್ಮಾಡ್ತೀರೋ ನೋಡಣ."

ವಾಪಸ್ಸು ಬರುವ ವಿಮಾನದಲ್ಲಿ ಮತ್ತೆ ಅವನ ಪಕ್ಕವೇ ಕೂತೆ. ಭಯ ಮೊದಲಿನಷ್ಟೇ ಇತ್ತು, ತಿಳಿದುಕೊಂಡ ಮಾತ್ರಕ್ಕೆ ಕಿವಿನೋವು ಹೋಗುವುದಿಲ್ಲ. ವಿಮಾನ ಏಳುವ ಮುಂಚೆಯೇ ಅವನು ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. ಟವೆಲನ್ನು ಮುಖಕ್ಕೆ ಎಳೆದುಕೊಳ್ಳಲು ಹೋದವನು ಬಿಟ್ಟೆ. ಅವನ ಮೊಣಕೈ ಮುಟ್ಟಿದೆ. "ಒಂಚೂರು ನೀರು ತರಿಸ್ತೀಯೇನಪ್ಪ?" ಮಗಳ ಮೂಲಕವಲ್ಲದೆ ಅವನೊಡನೆ ನಾನಾಡಿದ ಮೊದಲ ಮಾತು ಅದು. ಅವನು ಕಣ್ಣು ತೆರೆದು ಒಂದು ಗಳಿಗೆ ನನ್ನನ್ನು ನೋಡಿದ. ತರಿಸಿದ. ಲೋಟವನ್ನು ಅವನ ಕೈಯಿಂದಲೇ ತೆಗೆದುಕೊಂಡು ಕುಡಿದೆ. ಅವನು ಮತ್ತೆ ಕಣ್ಣು ಮುಚ್ಚಿಕೊಂಡ, ನಾನು ಕೈ ತೆಗೆಯಲಿಲ್ಲ.

ಊರಿಗೆ ಬಂದ ಮಾರನೇ ದಿನ ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋದೆ. ನನ್ನ ವಯಸ್ಸಿನ ಒಬ್ಬ ಕ್ಯಾನು ಹಿಡಿದು ನಿಂತಿದ್ದವನು ತೆಲುಗಿನಲ್ಲಿ ಕಿಚಾಯಿಸಿದ. ನಮ್ಮ ಕಡೆ ಹಾಸ್ಯಕ್ಕೆ ತೆಲುಗೇ ಬೇಕು. "ಏಮನ್ನಾ, ಫಾರಿನ್‌ಕಿ ಪೋಯಿ ಬಸ್ಸುಲೋ ತಿರಿಗಿನಾವಂಟ? ನೀ ಅಲ್ಲುಡು ಅಂತ ಪಿಸಿನಾರಾ?" ಫಾರಿನ್ನಿಗೆ ಹೋಗಿ ಬಸ್ಸಲ್ಲಿ ಸುತ್ತಿದೆಯಂತೆ, ನಿನ್ನ ಅಳಿಯ ಅಷ್ಟು ಜಿಪುಣನೇ ಅಂತ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನ್ನ ತಮ್ಮನೂ ಅಲ್ಲೇ ಇದ್ದ.

"ಅವನು ಜಿಪುಣ ಅಲ್ಲ" ಎಂದೆ. "ವಿಮಾನ ನಂಗೆ ಆಗಲಿಲ್ಲ. ಭಯಕ್ಕೆ ಅತ್ತುಬಿಟ್ಟೆ. ಅದಕ್ಕೇ ಬಸ್ಸಲ್ಲಿ ಕರ್ಕೊಂಡೋದ. ನಾನು ಫೋನಲ್ಲಿ ಹೇಳಿದ್ದು ಸುಳ್ಳು."

ಯಾರೂ ನಗಲಿಲ್ಲ. ಕ್ಯಾನು ಹಿಡಿದವನು, "ಹೋಗ್ಲಿ ಬಿಡನ್ನಾ, ನಂಗೂ ಜೈಂಟ್ ವ್ಹೀಲ್ ಅಂದ್ರೆ ಆಗಲ್ಲ" ಎಂದು ಮೆಲ್ಲಗೆ ಹೇಳಿದ.

ಮಗಳು ಹೇಳಿದಂತೆಯೇ ಮಾಡಿದಳು. ಬೇಸಿಗೆ ರಜೆ ಮುಗಿಯಿತು, ಶಾಲೆ ಶುರುವಾಯಿತು, ಬರಲಿಲ್ಲ. ತಾಯಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು, ನನ್ನನ್ನು ಕೇಳುತ್ತಿರಲಿಲ್ಲ. ಡೈರಿಯ ವಿಷಯ ಹೆಂಡತಿ ಅವಳಿಗೆ ತಿಳಿಸಿರಬೇಕು. ಹೊಸ ಬೆಳೆಯ ಹುಳು ಎರಡು ಸಲ ಚರ್ಮ ಕಳಚಿ ಮೂರನೆಯದಕ್ಕೆ ಹತ್ತಿರವಾಗಿದ್ದ ಒಂದು ಭಾನುವಾರ ಇಬ್ಬರೂ ಬಂದರು. ಬಂದವಳು ಒಳಗೆ ಹೋಗಿ ತಾಯಿಯ ಹತ್ತಿರ ಕೂತಳು. ಅಳಿಯ ರೂಢಿಯಂತೆ ಜಗಲಿಯಲ್ಲಿ ನಿಂತಿದ್ದ, ಕುರ್ಚಿಗೆ ಕಾಯುತ್ತಿರುವವನ ಹಾಗೆ. ನಾನು ಕುರ್ಚಿ ಹಾಕಿಸಲಿಲ್ಲ.

"ಬಾರಪ್ಪ, ಹುಳ ನೋಡುವೆಯಂತೆ" ಎಂದೆ.

ಮನೆಯ ಹಿಂದೆ ಹುಳುಮನೆಯ ಬಾಗಿಲವರೆಗೆ ನನ್ನ ಜೊತೆ ಬಂದ. ಅಲ್ಲಿ ನಿಂತ. "ಬೇಡ ಮಾವ. ಹುಳ ಜ್ವರಕ್ಕೆ ಕೂತಿವೆ ಅಂತ ಅತ್ತೆ ಹೇಳಿದ್ರು. ಹೊರಗಿನವರು ಬರಬಾರದಲ್ವಾ."

ಜ್ವರ ಅಂದರೆ ಹುಳು ಚರ್ಮ ಕಳಚುವ ಮುಂಚಿನ ಹೊತ್ತು. ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂರುತ್ತದೆ. ಆಗ ತಟ್ಟೆ ಅಲುಗಿಸಬಾರದು. ಅವನ ಮಾತಿನಲ್ಲಿ ಕುಟುಕು ಇದೆಯೇ ಎಂದು ಹಳೇ ಚಾಳಿಯಂತೆ ಹುಡುಕಿದೆ. ನನ್ನ ಮಾತನ್ನೇ ನನಗೆ ತಿರುಗಿಸಿ ಕೊಡುತ್ತಿದ್ದಾನೆಯೇ? ಕೊಟ್ಟರೂ ತಪ್ಪಿಲ್ಲ ಅನ್ನಿಸಿತು. ಮಗಳು ಹಿತ್ತಿಲ ಬಾಗಿಲಿಗೆ ಬಂದು ನಿಂತದ್ದು ಕಂಡಿತು.

"ಕಟ್ಟಳೆ ಹುಳಕ್ಕೆ ಮಾಡಿದ್ದು ಕಣಪ್ಪ" ಎಂದೆ. "ಅದನ್ನ ನಿನ್ನ ಮೇಲೆ ಹಾಕಿದ್ದು ನಾನು. ಬೀಡಿ ಸೇದೋರ್ನೂ ಒಳಗೆ ಬಿಟ್ಟಿದೀನಿ. ನಿನ್ನ ಬಿಡಲಿಲ್ಲ. ಯಾಕೆ ಅಂದ್ರೆ ನೀನು ಹುಟ್ಟಿದ ಜಾತಿಗೆ. ರೋಗ ಗೀಗ ಏನೂ ಅಲ್ಲ. ತಪ್ಪು ಮಾಡ್ದೆ."

ಅವನು ಹಿಪ್ಪುನೇರಳೆ ಸೊಪ್ಪಿನ ಮೂಟೆಯ ಮೇಲೆ ಮುಚ್ಚಿದ ಒದ್ದೆ ಗೋಣಿ ನೋಡುತ್ತಿದ್ದ.

"ಗೊತ್ತಿತ್ತು ಮಾವ" ಎಂದ ಕೊನೆಗೆ. ಪರವಾಗಿಲ್ಲ ಅನ್ನಲಿಲ್ಲ. ಅನ್ನದೆ ಇದ್ದದ್ದು ಒಳ್ಳೆಯದಾಯಿತು. ಆಮೇಲೆ ಕೇಳಿದ, "ಹುಳ ಜ್ವರಕ್ಕೆ ಕೂತಿರೋದು ನಿಜ ತಾನೆ?"

ಬಾಗಿಲ ಸಂದಿಯಿಂದ ನೋಡಿದೆ. ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿಕೊಂಡು ಕೂತಿದ್ದವು. "ನಿಜ."

"ಹಂಗಾದ್ರೆ ಎದ್ದ ಮೇಲೆ ಬರ್ತೀನಿ."

ಸಂಜೆ ಇಬ್ಬರೂ ಗೌರಿಬಿದನೂರಿಗೆ ಹೊರಟುಹೋದರು. ಹೋಗುವಾಗ ಮಗಳು, "ಬರ್ತೀನಿ ಅಪ್ಪ" ಅಂದಳು. ಬರಲ್ಲ ಅಂದವಳ ಬಾಯಿಂದ ಅಷ್ಟು ಬಂತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎದ್ದ ಮೇಲೆ ಬರ್ತೀನಿ ಎಂದದ್ದು ಬರುವುದಕ್ಕೋ, ತಪ್ಪಿಸಿಕೊಳ್ಳುವುದಕ್ಕೋ? ಅವನ ಜಾಗದಲ್ಲಿ ನಾನಿದ್ದರೆ ಬರುತ್ತಿದ್ದೆನೋ? ಎರಡು ಮೂರು ಸಲ ಬ್ಯಾಟರಿ ಹಿಡಿದು ಹೋಗಿ ಬಾಗಿಲಿಂದ ಇಣುಕಿ ಬಂದೆ.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಹುಳು ಎದ್ದವು. ಹಳೇ ಚರ್ಮ ಹಿಂದಕ್ಕೆ ಬಿಟ್ಟು, ಬಿಳಿಚಿಕೊಂಡ ಹೊಸ ಮೂತಿಯಲ್ಲಿ ಸೊಪ್ಪು ಹುಡುಕುತ್ತಿದ್ದವು. ಶಾಲೆ ಬಿಡುವವರೆಗೆ ಕಾದು ಫೋನ್ ಮಾಡಿದೆ. ಅವನ ನಂಬರಿಗೆ ನಾನಾಗಿ ಎಂದೂ ಮಾಡಿದ್ದಿಲ್ಲ, ಹೆಂಡತಿಯ ಫೋನಿನಿಂದ ಹುಡುಕಿ ತೆಗೆಯಬೇಕಾಯಿತು.

"ಎದ್ದಿದಾವೆ ಕಣಪ್ಪ."

ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. "ಈಗ ಹೊರಟ್ರೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಬರೋ ಹೊತ್ತಿಗೆ ಕತ್ತಲಾಗುತ್ತೆ, ಪರವಾಗಿಲ್ವಾ ಮಾವ?"

"ಬಾ. ನಿಂಗೆ ರಾತ್ರಿ ಬಸ್ಸಂದ್ರೆ ಇಷ್ಟ ತಾನೆ?"

ಅತ್ತೆ ಬಾಯಿ ಬಿಟ್ಟಿದ್ದಾರೆ ಎಂದು ಆಗಲೇ ಅವನಿಗೆ ಪೂರ್ತಿ ಖಾತ್ರಿಯಾಗಿರಬೇಕು. ನಕ್ಕ. "ಕಾಲು ತೊಳೆಯಕ್ಕೆ ನೀರಿಟ್ಟಿರಿ" ಎಂದು ಫೋನಿಟ್ಟ.

ಬೋಗುಣಿ ತೊಳೆದು, ಬ್ಲೀಚಿಂಗ್ ಪೌಡರ್ ಕಲಸಿದ ನೀರು ತುಂಬಿ ಹೊಸಲ ಆಚೆ ಇಟ್ಟೆ. ಗೊಬ್ಬರದ ಅಂಗಡಿಯವರಿಗೂ ನನಗೂ ಇಡುವುದು ಅದೇ ಬೋಗುಣಿ. ಸುಣ್ಣದ ಪುಡಿ ಹೊಸದಾಗಿ ಚೆಲ್ಲಿದೆ. ಆಮೇಲೆ ಹುಳುಮನೆಯ ದೀಪ ಹಾಕಿ, ಬಾಗಿಲು ಪೂರ್ತಿ ತೆಗೆದು, ರಸ್ತೆಯಲ್ಲಿ ಬಸ್ಸಿನ ಸದ್ದಿಗೆ ಕಿವಿಗೊಟ್ಟು ಕೂತೆ.